ಐವತ್ತು ತುಂಬಿದ ಪರಮಾಣು ವಿಮಾನವಾಹಕ ನೌಕೆಗೆ ನಿವೃತ್ತಿಯ ದಿನ ಗೊತ್ತುಮಾಡುವುದು ಹೇಗೆ?

ಕಾಗಿಣಾ ತೀರ (ಸೇಡಂ):

ಎಲ್ಲರಿಗೂ ಶರಣು. ಅಮೆರಿಕದ ‘ನಿಮಿಟ್ಜ್’ ವಿಮಾನವಾಹಕ ನೌಕೆಯ ನಿವೃತ್ತಿಯ ಸುದ್ದಿ ಬಂದಾಗಲೆಲ್ಲ ನಮ್ಮ ಮಾತು ಅದರ ವಯಸ್ಸಿನ ಸುತ್ತಲೇ ತಿರುಗುತ್ತದೆ. 1975ರ ಮೇ 3ರಂದು ಸೇವೆಗೆ ಸೇರಿದ, ಸುಮಾರು ಒಂದು ಲಕ್ಷ ಟನ್ ಭಾರದ, ಎರಡು ಪರಮಾಣು ರಿಯಾಕ್ಟರುಗಳ ಈ ನೌಕೆಗೆ ಐವತ್ತು ತುಂಬಿರುವುದು ನಿಜ. ಅದನ್ನು 2025ರಲ್ಲಿಯೇ ಸೇವೆಯಿಂದ ಬಿಡಿಸುವ ಯೋಜನೆಯಿತ್ತು. ಮುಂದೆ ಹದಿಮೂರು ತಿಂಗಳು ಸೇರಿಸಿ 2026ರ ಮೇ ಎಂದು ಗೊತ್ತುಮಾಡಿದರು. ಅಷ್ಟರಲ್ಲಿ ಅದರ ಜಾಗಕ್ಕೆ ಬರಬೇಕಾದ ‘ಜಾನ್ ಎಫ್. ಕೆನಡಿ’ ನೌಕೆಯ ಹಸ್ತಾಂತರವು, ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ಯಂತ್ರ ಮತ್ತು ಶಸ್ತ್ರಾಸ್ತ್ರಗಳನ್ನು ಮೇಲಕ್ಕೆ ಸಾಗಿಸುವ ಲಿಫ್ಟುಗಳ ಕೆಲಸ ಮುಗಿಯದ ಕಾರಣ, 2025ರ ಜುಲೈನಿಂದ 2027ರ ಮಾರ್ಚ್‌ಗೆ ಜಾರಿತು.

ವಯಸ್ಸನ್ನು ಎಣಿಸಿ ಈ ತೀರ್ಮಾನ ಮಾಡುವುದು ದಾರಿ ತಪ್ಪಿದ ವಿಚಾರ ಎಂಬುದು ನನ್ನ ಅಭಿಪ್ರಾಯ. ಐವತ್ತು ಎಂಬ ಸಂಖ್ಯೆ ಹುಟ್ಟಿದ್ದು ಇಂಧನದಿಂದ. ಈ ವರ್ಗದ ನೌಕೆಯ ರಿಯಾಕ್ಟರಿಗೆ ಒಮ್ಮೆ ತುಂಬಿದ ಇಂಧನವು ಇಪ್ಪತ್ತಕ್ಕೂ ಹೆಚ್ಚು ವರ್ಷ ಬರುತ್ತದೆ. ನಡುವೆ ಒಂದು ಸಲ ಮಾತ್ರ ಅದನ್ನು ಬದಲಿಸುತ್ತಾರೆ. ಎರಡು ತುಂಬುಗಳು ಸೇರಿ ಐವತ್ತರ ಆಸುಪಾಸಿಗೆ ಬಂದು ನಿಲ್ಲುತ್ತವೆ. ನಿಮಿಟ್ಜ್ 1998ರಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯನ್ನು ಹೊಕ್ಕು 2001ರಲ್ಲಿ ಹೊಸ ಇಂಧನದೊಂದಿಗೆ ಹೊರಬಂದಿತು. ಅದರ ನಿವೃತ್ತಿಯ ಕಾಲ ಅಂದೇ ಹೆಚ್ಚುಕಡಿಮೆ ನಿಶ್ಚಯವಾಗಿತ್ತು, ಈಗ ನಡೆಯುತ್ತಿರುವುದೆಲ್ಲ ಕೊನೆಯ ಒಂದೆರಡು ವರ್ಷಗಳ ಹಗ್ಗಜಗ್ಗಾಟ. ಆ ಒಂದೆರಡು ವರ್ಷಗಳ ಬೆಲೆಯನ್ನು ಯಾವ ಆಧಾರದ ಮೇಲೆ ಕಟ್ಟಬೇಕು ಎಂಬುದರ ಬಗ್ಗೆ ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಭೀಮಾ ದಂಡೆ (ಯಾದಗಿರಿ):

ನಾನು ಶಾಖೋತ್ಪನ್ನ ವಿದ್ಯುತ್ ಸ್ಥಾವರವೊಂದರ ನಿರ್ವಹಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಹಡಗನ್ನು ಕಂಡವನಲ್ಲ, ಆದರೆ ಉಗಿಯಲ್ಲಿ ಬೆಂದ ಕೊಳವೆಗಳನ್ನು ಚೆನ್ನಾಗಿ ಕಂಡಿದ್ದೇನೆ. ಪರಮಾಣು ನೌಕೆಯೂ ಕೊನೆಗೆ ಉಗಿಯಿಂದಲೇ ಚಲಿಸುವ ಯಂತ್ರ ಎಂಬ ಧೈರ್ಯದಿಂದ ಎರಡು ಮಾತು ಸೇರಿಸುತ್ತೇನೆ.

ಇಂಧನವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. 1969ರಲ್ಲಿ ಆರಂಭವಾದ ತಾರಾಪುರದ ಮೊದಲೆರಡು ಘಟಕಗಳಿಗೆ ಕಾಲಕಾಲಕ್ಕೆ ತಪಾಸಣೆ ಮತ್ತು ದುರಸ್ತಿ ನಡೆಸಿ ಆಯುಷ್ಯವನ್ನು ವಿಸ್ತರಿಸುತ್ತ ಬಂದಿದ್ದಾರೆ. ನೆಲದ ಮೇಲಿನ ಸ್ಥಾವರದಲ್ಲಿ ಇಂಧನ ಬದಲಿಸುವುದು ನಿಗದಿತ ಅವಧಿಗೊಮ್ಮೆ ನಡೆಯುವ ಮಾಮೂಲು ಕೆಲಸವಾದ್ದರಿಂದ ಅಲ್ಲಿ ಪ್ರಶ್ನೆ ಉಳಿಯುವುದು ಲೋಹದ ಬಗ್ಗೆ ಮಾತ್ರ. ನ್ಯೂಟ್ರಾನುಗಳ ಹೊಡೆತಕ್ಕೆ ದಶಕಗಟ್ಟಲೆ ಒಡ್ಡಿಕೊಂಡ ರಿಯಾಕ್ಟರ್ ಪಾತ್ರೆಯ ಉಕ್ಕು ತನ್ನ ಬಾಗುವ ಗುಣವನ್ನು ಕಳೆದುಕೊಂಡು ಬಿರುಸಾಗುತ್ತದೆ, ಉಪ್ಪುನೀರು ಹರಿಯುವ ಕೊಳವೆಗಳು ಒಳಗಿನಿಂದ ಸವೆಯುತ್ತವೆ, ಕೇಬಲ್ಲುಗಳ ಹೊದಿಕೆ ಒಣಗಿ ಸೀಳುತ್ತದೆ. ಇವುಗಳಲ್ಲಿ ಕೊಳವೆಯನ್ನೂ ಕೇಬಲ್ಲನ್ನೂ ಬದಲಿಸಬಹುದು. ಪಾತ್ರೆಯನ್ನು ಬದಲಿಸುವುದು ಎಂದರೆ ಹೊಸ ಹಡಗನ್ನೇ ಕಟ್ಟಿದಂತೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದು ಯಾವ ತಪಾಸಣಾ ವರದಿಯಲ್ಲೂ ಕಾಣುವುದಿಲ್ಲ. ಒಂದು ಘಟಕವನ್ನು ಇಂಥ ವರ್ಷ ಮುಚ್ಚುತ್ತೇವೆ ಎಂದು ಘೋಷಿಸಿದ ದಿನದಿಂದಲೇ ಅದಕ್ಕೆ ಖರ್ಚು ಮಾಡುವ ಕೈ ಬಿಗಿಯಾಗುತ್ತದೆ. ‘ಹೇಗೂ ಎರಡು ವರ್ಷದಲ್ಲಿ ಹೋಗುವುದಲ್ಲ’ ಎಂದು ದೊಡ್ಡ ಬಿಡಿಭಾಗಗಳ ಬೇಡಿಕೆಗೆ ಸಹಿ ಬೀಳುವುದಿಲ್ಲ, ನುರಿತ ಕೆಲಸಗಾರರು ಬೇರೆ ಘಟಕಕ್ಕೆ ವರ್ಗ ಮಾಡಿಸಿಕೊಳ್ಳುತ್ತಾರೆ. ಆಮೇಲೆ ಕೊನೆಗಳಿಗೆಯಲ್ಲಿ ‘ಇನ್ನೊಂದು ವರ್ಷ ಓಡಿಸಿ’ ಎಂಬ ಆದೇಶ ಬಂದರೆ, ಆ ಒಂದು ವರ್ಷ ಓಡಬೇಕಾದದ್ದು ಎರಡು ವರ್ಷದಿಂದ ಯಾರೂ ಸರಿಯಾಗಿ ನೋಡದ ಯಂತ್ರ. ಹೀಗಾಗಿ ವಿಸ್ತರಣೆ ಕೊಡುವುದೇ ಆದರೆ ಕನಿಷ್ಠ ನಾಲ್ಕೈದು ವರ್ಷ ಮುಂಚೆ ತಿಳಿಸಿ ಕೊಡಬೇಕು, ಇಲ್ಲವಾದರೆ ಕೊಡಲೇಬಾರದು.

ಸೂಪರ್ ಮಾರ್ಕೆಟ್ ಕಟ್ಟೆ (ಕಲಬುರಗಿ):

ನನ್ನದು ಸಾಮಾನ್ಯನ ಪ್ರಶ್ನೆ. ಡಿಪೋದಲ್ಲಿ ಹಳೆಯ ಬಸ್ಸಿನ ಎಂಜಿನ್ ಇಳಿಸಿ ಬೇರೆ ಎಂಜಿನ್ ಕೂಡಿಸಿ ಮತ್ತೆ ಆಳಂದದ ರೂಟಿಗೆ ಬಿಡುತ್ತಾರೆ. ಅಷ್ಟು ಶ್ರೀಮಂತ ದೇಶಕ್ಕೆ ಈ ನೌಕೆಯಲ್ಲಿ ಮೂರನೆಯ ಸಲ ಇಂಧನ ತುಂಬಿಸುವುದು ಏಕೆ ಸಾಧ್ಯವಿಲ್ಲ? ಹೊಸದಕ್ಕೆ 1,300 ಕೋಟಿ ಡಾಲರ್ ಸುರಿಯುವುದಕ್ಕಿಂತ ಅದು ಅಗ್ಗವಲ್ಲವೇ?

ಕಾಗಿಣಾ ತೀರ (ಸೇಡಂ):

ಅಣ್ಣಾವರೇ, ನೀವು ಕೇಳಿದ ಪ್ರಶ್ನೆಯಲ್ಲೇ ಇಡೀ ವಿಷಯದ ಗಂಟು ಇದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಇಂಧನ ಬದಲಿಸುವುದು ಎಂದರೆ ಮುಚ್ಚಳ ತೆಗೆದು ತುಂಬಿಸುವ ಕೆಲಸವಲ್ಲ. ರಿಯಾಕ್ಟರುಗಳು ನೌಕೆಯ ಹೊಟ್ಟೆಯಲ್ಲಿ, ಹಲವು ಅಂತಸ್ತುಗಳ ಕೆಳಗೆ, ದಪ್ಪ ರಕ್ಷಾಕವಚದೊಳಗೆ ಇರುತ್ತವೆ. ಅಲ್ಲಿಗೆ ತಲುಪಬೇಕಾದರೆ ನಡುವಿನ ಉಕ್ಕನ್ನು ಕತ್ತರಿಸಿ ದಾರಿ ಮಾಡಬೇಕು, ಮಾಡಿದ ಮೇಲೆ ಮತ್ತೆ ಬೆಸೆದು ಮುಚ್ಚಬೇಕು. ಹೇಗೂ ನೌಕೆ ವರ್ಷಗಟ್ಟಲೆ ಕಟ್ಟೆಯಲ್ಲಿ ಮಲಗುತ್ತದೆಯೆಂದು ಅದೇ ಸಮಯದಲ್ಲಿ ರಾಡಾರು, ಕೊಳವೆ, ಪಂಪು, ವಿಮಾನ ಚಿಮ್ಮಿಸುವ ಕ್ಯಾಟಪಲ್ಟು, ನಾವಿಕರ ಮಲಗುವ ಕೋಣೆ ಎಲ್ಲವನ್ನೂ ಹೊಸದಾಗಿಸುತ್ತಾರೆ. ‘ಜಾರ್ಜ್ ವಾಷಿಂಗ್ಟನ್’ ನೌಕೆಯ ಇಂಥ ನಡುವಯಸ್ಸಿನ ದುರಸ್ತಿಗೆ 2017ರಲ್ಲಿ ಸುಮಾರು 280 ಕೋಟಿ ಡಾಲರುಗಳ ಗುತ್ತಿಗೆ ಕೊಟ್ಟರು. ನಾಲ್ಕು ವರ್ಷದಲ್ಲಿ ಮುಗಿಯಬೇಕಾದ ಕೆಲಸ 2023ರ ಮೇ ತಿಂಗಳವರೆಗೆ, ಹೆಚ್ಚುಕಡಿಮೆ ಆರು ವರ್ಷ ನಡೆಯಿತು. ಆ ಅವಧಿಯಲ್ಲಿ, ಕೊರೆಯುವ ಬೆಸೆಯುವ ಸದ್ದಿನ ನಡುವೆ ನೌಕೆಯಲ್ಲಿಯೇ ವಾಸಿಸಬೇಕಾಗಿದ್ದ ನಾವಿಕರಲ್ಲಿ ಕೆಲವರು 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ, ಅಲ್ಲಿನ ವಾಸದ ಸ್ಥಿತಿಯ ಬಗ್ಗೆ ನೌಕಾಪಡೆ ತನಿಖೆ ನಡೆಸಬೇಕಾಯಿತು. ವೆಚ್ಚವೆಂದರೆ ಡಾಲರು ಮಾತ್ರವೆಂದು ತಿಳಿದವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯ ತುಂಬಿನ ಮಾತಿಗೆ ಬಂದರೆ, ಇಪ್ಪತ್ತೈದು ವರ್ಷದ ನೌಕೆಯ ಮೇಲೆ ಇಷ್ಟು ಖರ್ಚು ಮಾಡಿದರೆ ಇನ್ನೊಂದು ಇಪ್ಪತ್ತೈದು ವರ್ಷದ ಸೇವೆ ಸಿಗುತ್ತದೆ. ಐವತ್ತರ ನೌಕೆಯ ಮೇಲೆ ಅಷ್ಟೇ ಖರ್ಚು ಮಾಡಿದರೆ ಭೀಮಾ ದಂಡೆಯ ಹಿರಿಯರು ಹೇಳಿದ ಲೋಹವು ಅಷ್ಟು ಕಾಲ ಜೊತೆ ಕೊಡುವ ಭರವಸೆಯಿಲ್ಲ. ಇನ್ನೂ ದೊಡ್ಡ ತೊಡಕು ಜಾಗದ್ದು. ಈ ಕೆಲಸ ಮಾಡಬಲ್ಲ ಕಟ್ಟೆ ಅಮೆರಿಕದಲ್ಲಿ ನ್ಯೂಪೋರ್ಟ್ ನ್ಯೂಸ್ ಒಂದೇ. ಹೊಸ ವಿಮಾನವಾಹಕಗಳನ್ನು ಕಟ್ಟುವುದೂ ಅಲ್ಲಿಯೇ, ಹಳೆಯದರ ಇಂಧನ ಹೊರತೆಗೆಯುವುದೂ ಅಲ್ಲಿಯೇ. 2021ರಲ್ಲಿ ಅಲ್ಲಿ ಸೇರಿದ ‘ಜಾನ್ ಸಿ. ಸ್ಟೆನ್ನಿಸ್’ 2025ರಲ್ಲಿ ಹೊರಬರಬೇಕಾಗಿತ್ತು, ಅದರ ದಿನವನ್ನು 2026ರ ಅಕ್ಟೋಬರಿಗೆ ತಳ್ಳಿದರು. ಅದರ ಹಿಂದೆ ‘ಹ್ಯಾರಿ ಎಸ್. ಟ್ರೂಮನ್’ ಸರದಿಯಲ್ಲಿ ನಿಂತಿದೆ. ನಿಮಿಟ್ಜ್ ಅನ್ನು ಯಾಕೆ ಬಿಡಲು ಆಗುತ್ತಿಲ್ಲ ಎಂದು ಕೇಳುವವರು ನೋಡಬೇಕಾದದ್ದು ನಿಮಿಟ್ಜ್ ಕಡೆಗಲ್ಲ, ಸ್ಟೆನ್ನಿಸ್ ಕಡೆಗೆ. ನಡುವಯಸ್ಸಿನ ನೌಕೆಗಳು ಹೇಳಿದ ದಿನಕ್ಕೆ ಕಟ್ಟೆಯಿಂದ ಹೊರಬಂದಿದ್ದರೆ, ಮುದಿ ನೌಕೆಯನ್ನು ಇಷ್ಟು ಎಳೆಯುವ ಅಗತ್ಯವೇ ಕಡಿಮೆಯಾಗುತ್ತಿತ್ತು.

ಮಾಂಜ್ರಾ ಬದಿ (ಬೀದರ್):

ಭಾರತೀಯ ನೌಕಾಪಡೆಯ ಎಂಜಿನ್ ವಿಭಾಗದಲ್ಲಿದ್ದು ಊರಿಗೆ ಮರಳಿದವನಾಗಿ ನಾನು ಸ್ವಲ್ಪ ಬೇರೆ ದನಿಯಲ್ಲಿ ಮಾತನಾಡುತ್ತೇನೆ, ಸೇಡಮ್ಮಿನ ಗೆಳೆಯರು ಬೇಸರಿಸಬಾರದು.

ಲೆಕ್ಕದ ಪುಸ್ತಕದಲ್ಲಿ ಹಳೆಯ ನೌಕೆ ಯಾವಾಗಲೂ ನಷ್ಟದ್ದೇ. ಆದರೆ ಬದಲಿ ಕೈಗೆ ಬರುವ ಮುಂಚೆ ಇದ್ದದ್ದನ್ನು ಬಿಟ್ಟ ನೌಕಾಪಡೆಯ ಪರಿಸ್ಥಿತಿಯನ್ನು ಪುಸ್ತಕ ಹೇಳುವುದಿಲ್ಲ. ನಮ್ಮ ‘ವಿರಾಟ್’ ಅನ್ನು ನೆನೆಯಿರಿ. 1944ರಲ್ಲಿ ಬ್ರಿಟನ್ನಿನಲ್ಲಿ ಅದರ ನಿರ್ಮಾಣ ಆರಂಭವಾಯಿತು, 1959ರಲ್ಲಿ ‘ಹರ್ಮೀಸ್’ ಎಂಬ ಹೆಸರಿನಿಂದ ಅವರ ಸೇವೆಗೆ ಸೇರಿತು, 1987ರಲ್ಲಿ ನಮ್ಮದಾಯಿತು. ಮೊದಲಿನ ‘ವಿಕ್ರಾಂತ್’ 1997ರ ಜನವರಿಯಲ್ಲಿ ನಿವೃತ್ತವಾದ ಮೇಲೆ ನಮಗೆ ಉಳಿದದ್ದು ವಿರಾಟ್ ಒಂದೇ. ರಷ್ಯಾದೊಂದಿಗೆ 2004ರಲ್ಲಿ ಒಪ್ಪಂದವಾದ ‘ವಿಕ್ರಮಾದಿತ್ಯ’ 2008ಕ್ಕೆ ಬರಬೇಕಾದದ್ದು ಬಂದದ್ದು 2013ರ ನವೆಂಬರಿನಲ್ಲಿ. ಅಲ್ಲಿಯವರೆಗೆ ವಿರಾಟ್ ಅನ್ನು ದುರಸ್ತಿಯ ಮೇಲೆ ದುರಸ್ತಿ ಮಾಡಿ ಉಳಿಸಿಕೊಂಡಿರದಿದ್ದರೆ, ನೌಕೆಯ ಮೇಲಿನಿಂದ ವಿಮಾನ ಹಾರಿಸುವ ವಿದ್ಯೆಯೇ ನಮ್ಮ ಕೈತಪ್ಪುತ್ತಿತ್ತು. ಆ ವಿದ್ಯೆ ಪೈಲಟ್ಟುಗಳಿಗೆ ಮಾತ್ರ ಸೇರಿದ್ದಲ್ಲ. ಡೆಕ್ಕಿನ ಮೇಲೆ ಬಣ್ಣದ ಅಂಗಿ ತೊಟ್ಟು ಸನ್ನೆ ಮಾಡುವವನಿಂದ ಹಿಡಿದು ಕೆಳಗಿನ ಎಂಜಿನ್ ಕೋಣೆಯವನವರೆಗೆ ಎಲ್ಲರದೂ. ಒಮ್ಮೆ ಚದುರಿದರೆ ಮತ್ತೆ ಕೂಡಿಸಲು ಒಂದು ತಲೆಮಾರು ಬೇಕು. ಕೊನೆಗೆ 2017ರ ಮಾರ್ಚ್ 6ರಂದು ವಿರಾಟ್ ಅನ್ನು ಬೀಳ್ಕೊಟ್ಟಾಗ ನಮ್ಮ ಕೈಯಲ್ಲಿ ಬದಲಿ ಇತ್ತು. ಸರಿಯಾದ ಕ್ರಮ ಅದೇ.

ಅಮೆರಿಕದ ಕಾನೂನೂ ಹನ್ನೊಂದು ವಿಮಾನವಾಹಕಗಳು ಇರಲೇಬೇಕು ಎಂದು ಹೇಳುತ್ತದೆ. ಬದಲಿ ಬರುವ ತನಕ ಹಳೆಯದನ್ನು ಇಟ್ಟುಕೊಳ್ಳುವುದನ್ನು ಹಗ್ಗಜಗ್ಗಾಟ ಎಂದು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ. 2020ರ ನವೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ನಡೆದ ‘ಮಲಬಾರ್’ ಜಂಟಿ ನೌಕಾ ಕವಾಯತಿನಲ್ಲಿ ನಮ್ಮ ವಿಕ್ರಮಾದಿತ್ಯದ ಜೊತೆಗಿದ್ದದ್ದು ಇದೇ ನಿಮಿಟ್ಜ್, ಆಗ ಅದಕ್ಕೆ ನಲವತ್ತೈದು ಕಳೆದಿತ್ತು. ಕೆಲಸಕ್ಕೆ ಬಾರದ ನೌಕೆಯನ್ನು ಯಾರೂ ಅಷ್ಟು ದೂರ ಕಳುಹಿಸುವುದಿಲ್ಲ.

ಕಾಗಿಣಾ ತೀರ (ಸೇಡಂ):

ಬೇಸರವೇಕೆ ಸರ್, ನೀವು ಹೇಳಿದ್ದು ಅನುಭವದ ಮಾತು. ಆದರೆ ವಿರಾಟ್ ಮತ್ತು ನಿಮಿಟ್ಜ್ ನಡುವೆ ಎರಡು ದೊಡ್ಡ ಅಂತರಗಳಿವೆ. ವಿರಾಟ್ ಬಾಯ್ಲರಿನಲ್ಲಿ ಎಣ್ಣೆ ಸುಟ್ಟು ಓಡಿದ ನೌಕೆ. ಎಣ್ಣೆ ಮುಗಿದರೆ ಟ್ಯಾಂಕರಿನಿಂದ ತುಂಬಿಸಿದರಾಯಿತು. ಪರಮಾಣು ನೌಕೆಯ ಇಂಧನ ಕರಗುವುದು ಪಂಚಾಂಗ ನೋಡಿ ಅಲ್ಲ, ನೌಕೆ ಓಡಿದ ವೇಗ ಮತ್ತು ದುಡಿದ ದುಡಿಮೆಯನ್ನು ನೋಡಿ. ಮುಂದೂಡಬೇಕೆಂದು ಯಾರು ಎಷ್ಟೇ ಬಯಸಿದರೂ ಒಳಗೆ ಉಳಿದ ಇಂಧನಕ್ಕಿಂತ ಹೆಚ್ಚು ಮುಂದೂಡಲು ಬರುವುದಿಲ್ಲ. ಅದನ್ನು ಕೊನೆಯ ಹನಿಯವರೆಗೆ ಬಳಸುವಂತೆಯೂ ಇಲ್ಲ, ಏಕೆಂದರೆ ನಿಮಿಟ್ಜ್ ಇದ್ದದ್ದು ಪಶ್ಚಿಮ ಕರಾವಳಿಯ ಬ್ರೆಮರ್ಟನ್ನಿನಲ್ಲಿ, ಇಂಧನ ತೆಗೆಯುವ ಕಟ್ಟೆ ಇರುವುದು ಪೂರ್ವ ಕರಾವಳಿಯಲ್ಲಿ. ಇಷ್ಟು ಅಗಲದ ನೌಕೆ ಪನಾಮಾ ಕಾಲುವೆಯಲ್ಲಿ ಹಿಡಿಸುವುದಿಲ್ಲವಾದ್ದರಿಂದ ದಕ್ಷಿಣ ಅಮೆರಿಕವನ್ನು ಪೂರ್ತಿ ಸುತ್ತಿ ಹೋಗಬೇಕು. ಆ ಕೊನೆಯ ಪ್ರಯಾಣಕ್ಕೂ ರಿಯಾಕ್ಟರು ಸುಸ್ಥಿತಿಯಲ್ಲಿರಬೇಕು, ತರಬೇತಿ ಪಡೆದ ಸಿಬ್ಬಂದಿ ಪೂರ್ಣವಾಗಿರಬೇಕು.

ಎರಡನೆಯ ಅಂತರ ಸಂಖ್ಯೆಯದು. ನಮಗೆ ಇದ್ದದ್ದು ಒಂದು. ಅದು ಹೋದರೆ ಸೊನ್ನೆ. ಅವರಿಗೆ ಹನ್ನೊಂದರಲ್ಲಿ ಒಂದು. ಕಾನೂನಿನ ಮಾತಿಗೆ ಬಂದರೆ, ಅದು ಒಮ್ಮೆ ಬಾಗಿದ್ದೂ ಇದೆ. 1961ರ ನವೆಂಬರಿನಲ್ಲಿ ಸೇವೆಗೆ ಬಂದ, ಪ್ರಪಂಚದ ಮೊತ್ತಮೊದಲ ಪರಮಾಣು ವಿಮಾನವಾಹಕವಾದ ‘ಎಂಟರ್‌ಪ್ರೈಸ್’ ಅನ್ನು 2012ರ ಡಿಸೆಂಬರಿನಲ್ಲಿ ಕೆಲಸದಿಂದ ಇಳಿಸಿದಾಗ, ಅದರ ಜಾಗಕ್ಕೆ ಬರಬೇಕಾದ ‘ಜೆರಾಲ್ಡ್ ಆರ್. ಫೋರ್ಡ್’ ಇನ್ನೂ ಕಟ್ಟೆಯಲ್ಲಿಯೇ ಇತ್ತು. ಅಮೆರಿಕದ ಸಂಸತ್ತು ಮೊದಲೇ ತಾತ್ಕಾಲಿಕ ವಿನಾಯಿತಿ ಕೊಟ್ಟಿತ್ತು. ಫೋರ್ಡ್ ಬಂದದ್ದು 2017ರ ಜುಲೈ 22ರಂದು. ನಾಲ್ಕೂವರೆ ವರ್ಷ ಹತ್ತರಲ್ಲಿಯೇ ನಡೆಸಿದರು.

ಎಂಟರ್‌ಪ್ರೈಸ್ ಅನ್ನು ಎಳೆಯದಿದ್ದುದಕ್ಕೆ ಕಾರಣವೂ ಇತ್ತು. ಎರಡು ರಿಯಾಕ್ಟರಿನ ಕೆಲಸಕ್ಕೆ ಅದರಲ್ಲಿ ಎಂಟು ರಿಯಾಕ್ಟರುಗಳಿದ್ದವು, ಆ ವರ್ಗದಲ್ಲಿ ಕಟ್ಟಿದ್ದು ಅದೊಂದೇ ನೌಕೆಯಾದ್ದರಿಂದ ಅನೇಕ ಬಿಡಿಭಾಗಗಳನ್ನು ಅದಕ್ಕೆಂದೇ ಮಾಡಿಸಬೇಕಾಗುತ್ತಿತ್ತು. ನಿಮಿಟ್ಜ್‌ಗೆ ಒಂಬತ್ತು ಸಹೋದರಿಯರಿದ್ದಾರೆ, ಹೀಗಾಗಿ ಬಿಡಿಭಾಗಕ್ಕೆ ಅಷ್ಟು ಪರದಾಟವಿಲ್ಲ; ಎಳೆಯುವ ಆಸೆ ಹುಟ್ಟುವುದೂ ಅದಕ್ಕೇ.

ಮಾಂಜ್ರಾ ಬದಿ (ಬೀದರ್):

ಹತ್ತರಲ್ಲಿ ನಡೆಸಿದರು ಎಂಬುದು ನಿಜ, ಆದರೆ ಯಾರ ಬೆನ್ನಿನ ಮೇಲೆ ನಡೆಸಿದರು ಎಂಬುದನ್ನೂ ಬರೆಯಿರಿ. ಸಂಖ್ಯೆ ಕಡಿಮೆಯಾದಾಗ ಸಮುದ್ರದ ಕೆಲಸ ಕಡಿಮೆಯಾಗುವುದಿಲ್ಲ, ಉಳಿದ ನೌಕೆಗಳ ನಾವಿಕರು ಹೆಚ್ಚು ತಿಂಗಳು ಹೊರಗಿರಬೇಕಾಗುತ್ತದೆ. ಹನ್ನೊಂದು ನೌಕೆಗಳಿದ್ದಾಗಲೇ, 2020ರ ಏಪ್ರಿಲಿನಲ್ಲಿ ನೆಲೆ ಬಿಟ್ಟ ಇದೇ ನಿಮಿಟ್ಜ್‌ನ ನಾವಿಕರು ಮನೆಗೆ ಮರಳಿದ್ದು 2021ರ ಮಾರ್ಚಿನಲ್ಲಿ. ದುರಸ್ತಿ ತಪ್ಪಿಸಿ ಓಡಿಸಿದ ನೌಕೆ ಮುಂದೆ ಕಟ್ಟೆ ಸೇರಿದಾಗ ಎರಡು ಪಟ್ಟು ಕಾಲ ಬೇಡುತ್ತದೆ. ಹಳೆಯದನ್ನು ಬಿಟ್ಟ ತಪ್ಪಿಗೆ ದಂಡ ತೆರುವುದು ಹೊಸದೇ.

ಭೀಮಾ ದಂಡೆ (ಯಾದಗಿರಿ):

ಇದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಹಾಗೆಯೇ ಒಂದು ಎಚ್ಚರಿಕೆ: 2025ರ ಅಕ್ಟೋಬರಿನಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ನಿಮಿಟ್ಜ್‌ನ ಒಂದು ಹೆಲಿಕಾಪ್ಟರು ಮತ್ತು ಒಂದು ಯುದ್ಧವಿಮಾನ ಅರ್ಧ ಗಂಟೆಯ ಅಂತರದಲ್ಲಿ ಸಮುದ್ರಕ್ಕೆ ಬಿದ್ದಾಗ (ಎಲ್ಲರೂ ಬದುಕುಳಿದರು) ‘ಹಡಗು ಮುದಿಯಾಗಿದೆ’ ಎಂದು ಹಲವರು ಬರೆದರು. ಬಿದ್ದದ್ದು ವಿಮಾನಗಳು, ಹಡಗಲ್ಲ. ವಿಮಾನಗಳ ಪಡೆ ನೌಕೆಯಿಂದ ನೌಕೆಗೆ ಹೋಗುವ ಬೇರೆಯೇ ಘಟಕ. ಇಂಥ ಘಟನೆಗಳನ್ನು ನಿವೃತ್ತಿಯ ತಕ್ಕಡಿಗೆ ಹಾಕಬಾರದು.

ಗೋಗಿ ಗುಡ್ಡ (ಶಹಾಪುರ):

ಎಲ್ಲರೂ ನಿವೃತ್ತಿಯ ದಿನದವರೆಗೆ ಬಂದು ನಿಲ್ಲುತ್ತಿದ್ದೀರಿ. ನಮ್ಮ ಗೋಗಿಯ ನೆಲದಲ್ಲಿ ಯುರೇನಿಯಂ ಇದೆ ಎಂದು ಗೊತ್ತಾದಂದಿನಿಂದ ಅದನ್ನು ತೆಗೆದ ಮೇಲೆ ಉಳಿಯುವುದನ್ನು ಎಲ್ಲಿಡುತ್ತಾರೆ ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಹರಿದಾಡುತ್ತಲೇ ಇದೆ. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳುತ್ತೇನೆ. ನಿಮಿಟ್ಜ್ 2007ರ ಜುಲೈನಲ್ಲಿ ಚೆನ್ನೈ ಬಳಿ ಲಂಗರು ಹಾಕಿದಾಗ ಎಡಪಕ್ಷಗಳು ವಿರೋಧಿಸಿದ್ದವು. ಓಡುವಾಗಲೇ ಅಷ್ಟು ಆತಂಕವಿದ್ದ ಯಂತ್ರ, ನಿಂತ ಮೇಲೆ ಎಲ್ಲಿಗೆ ಹೋಗುತ್ತದೆ?

ಕಾಗಿಣಾ ತೀರ (ಸೇಡಂ):

ಇದಕ್ಕೆ ಎಂಟರ್‌ಪ್ರೈಸ್ ಒಂದೇ ಉದಾಹರಣೆ, ಏಕೆಂದರೆ ಬೇರೆ ಯಾವ ಪರಮಾಣು ವಿಮಾನವಾಹಕವೂ ಇಷ್ಟು ದೂರ ಬಂದಿಲ್ಲ. 2012ರಲ್ಲಿ ಕೆಲಸ ನಿಲ್ಲಿಸಿದ ಅದರ ಎಂಟೂ ರಿಯಾಕ್ಟರುಗಳ ಇಂಧನ ತೆಗೆದು, ದಾಖಲೆಯಲ್ಲಿ ಅಧಿಕೃತವಾಗಿ ಸೇವೆಯಿಂದ ಬಿಡಿಸಿದ್ದು 2017ರ ಫೆಬ್ರವರಿ 3ರಂದು. ತೆಗೆದ ಇಂಧನ ಐಡಾಹೊ ರಾಜ್ಯದಲ್ಲಿರುವ ನೌಕಾಪಡೆಯ ಪರಮಾಣು ಕೇಂದ್ರಕ್ಕೆ ಹೋಗುತ್ತದೆ. ಹಳೆಯ ಜಲಾಂತರ್ಗಾಮಿಗಳ ರಿಯಾಕ್ಟರ್ ಭಾಗವನ್ನು ಇಡಿಯಾಗಿ ಕತ್ತರಿಸಿ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡಿನ ಕಂದಕದಲ್ಲಿ ಇಡುತ್ತಾರೆ. ಎಂಟರ್‌ಪ್ರೈಸ್ ವಿಷಯದಲ್ಲಿ ಯಾವ ವಿಧಾನ ಎಂದು ತೀರ್ಮಾನಿಸುವುದಕ್ಕೇ ವರ್ಷಗಳು ಹಿಡಿದವು. ಕೊನೆಗೆ 2025ರ ಮೇ ತಿಂಗಳಲ್ಲಿ ಸುಮಾರು 53.7 ಕೋಟಿ ಡಾಲರಿಗೆ ಖಾಸಗಿ ಸಂಸ್ಥೆಯೊಂದಕ್ಕೆ ಅಲಬಾಮಾದ ಮೊಬೀಲ್ ಬಂದರಿನಲ್ಲಿ ಅದನ್ನು ಒಡೆಯುವ ಗುತ್ತಿಗೆ ಕೊಟ್ಟರು, 2029ಕ್ಕೆ ಮುಗಿಯಬೇಕು. ವಿರಾಟ್ ಅಲಂಗಿನ ದಂಡೆಗೆ ಹೋಗಿ ಗುಜರಿಯಾಯಿತು, ಮಾರಿದವರಿಗೆ ಹಣ ಬಂದಿತು. ಪರಮಾಣು ನೌಕೆಯಲ್ಲಿ ಒಡೆಯಿಸುವವನೇ ಹಣ ಕೊಡಬೇಕು. ವಸ್ತುಸಂಗ್ರಹಾಲಯ ಮಾಡುವ ಮಾತೂ ಇಲ್ಲ, ರಿಯಾಕ್ಟರು ತೆಗೆಯಲು ಕತ್ತರಿಸಿದ ಮೇಲೆ ತೋರಿಸಲು ಉಳಿಯುವುದು ಕಡಿಮೆ.

ಹಾಗಾಗಿ ನಿವೃತ್ತಿಯನ್ನು ಮುಂದೂಡಿದರೆ ಖರ್ಚು ಉಳಿಯಿತು ಎಂದು ತಿಳಿಯಬಾರದು, ಅದು ಮುಂದಿನ ಬಜೆಟ್ಟಿಗೆ ಹೋಯಿತು ಅಷ್ಟೇ.

ಕಡಗಂಚಿ ವಿದ್ಯಾರ್ಥಿನಿ (ಆಳಂದ):

ಹಿರಿಯರೆಲ್ಲರಿಗೂ ನಮಸ್ಕಾರ. ಇಲ್ಲಿಯವರೆಗಿನ ಮಾತೆಲ್ಲ ಐವತ್ತನೆಯ ವರ್ಷದ ಸುತ್ತ ಇದೆ. ನಿವೃತ್ತಿಯ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಾದದ್ದು ಇಪ್ಪತ್ತೈದನೆಯ ವರ್ಷದಲ್ಲಿ ಅಲ್ಲವೇ? ಆಗ ಇಂಧನ ಬದಲಿಸದೆ ಬಿಟ್ಟರೆ ನೂರಾರು ಕೋಟಿ ಡಾಲರು ಉಳಿಯುತ್ತದೆ. ಎರಡು ಸಲ ಹಾಗೆ ಯೋಚಿಸಿದ್ದೂ ಉಂಟು: 2014ರಲ್ಲಿ ಜಾರ್ಜ್ ವಾಷಿಂಗ್ಟನ್ ಅನ್ನು, 2019ರಲ್ಲಿ ಟ್ರೂಮನ್ ಅನ್ನು. ಎರಡೂ ಸಲ ರಾಜಕೀಯದ ಒತ್ತಡಕ್ಕೆ ಸಿಕ್ಕು ಪ್ರಸ್ತಾವ ಬಿದ್ದುಹೋಯಿತು. ಟ್ರೂಮನ್ ವಿಷಯದಲ್ಲಂತೂ ಆ ವರ್ಷದ ಏಪ್ರಿಲಿನಲ್ಲಿ ಉಪಾಧ್ಯಕ್ಷರೇ ಆ ನೌಕೆಯ ಮೇಲೆ ನಿಂತು, ಅದನ್ನು ಬಿಡುವುದಿಲ್ಲ ಎಂದು ಪ್ರಕಟಿಸಿದರು. ಹಡಗುಕಟ್ಟೆಯ ಸಾವಿರಾರು ಉದ್ಯೋಗಗಳು ಕಣ್ಣೆದುರಿಗೆ ಇರುವಾಗ ಇಂಜಿನಿಯರರ ಲೆಕ್ಕಕ್ಕೆ ಎಷ್ಟು ಬೆಲೆ?

ಫ್ರಾನ್ಸಿನ ವಿಷಯವನ್ನೂ ಯಾರೂ ಎತ್ತಲಿಲ್ಲ. 2001ರಲ್ಲಿ ಸೇವೆಗೆ ಬಂದ ‘ಚಾರ್ಲ್ಸ್ ಡಿ ಗಾಲ್’ ಕಡಿಮೆ ಸಂವರ್ಧಿತ (ಶಕ್ತಿ ಕೊಡುವ ಅಂಶ ಕಡಿಮೆ ಇರುವ) ಯುರೇನಿಯಂ ಬಳಸುತ್ತದೆ, ಅದಕ್ಕೆ ಹತ್ತು ವರ್ಷದೊಳಗೆ ಇಂಧನ ಬದಲಿಸಬೇಕು. ಅವರಿಗೆ ಇರುವುದು ಅದೊಂದೇ ವಿಮಾನವಾಹಕ. 2017–18ರಲ್ಲಿ ಅದು ಕಟ್ಟೆಯಲ್ಲಿದ್ದಾಗ ಅವರ ಕೈ ಬರಿದಾಗಿತ್ತು. ಆದರೂ ಅವರು 2038ರ ಹೊತ್ತಿಗೆ ಬದಲಿ ನೌಕೆ ಎಂದು ಬಹಳ ಮುಂಚೆಯೇ ಹೇಳಿದ್ದಾರೆ, 2025ರ ಡಿಸೆಂಬರಿನಲ್ಲಿ ಅದನ್ನು ಕಟ್ಟುವ ನಿರ್ಧಾರವನ್ನೂ ಪ್ರಕಟಿಸಿದರು.

ಭೀಮಾ ದಂಡೆ (ಯಾದಗಿರಿ):

ತಂಗಿ, ಒಳ್ಳೆಯ ಮಾತು ತಂದಿದ್ದೀಯ. ಪದೇಪದೇ ತೆರೆಯುವ ಯಂತ್ರಕ್ಕೆ ಒಂದು ಅನುಕೂಲವಿದೆ: ಹತ್ತು ವರ್ಷಕ್ಕೊಮ್ಮೆ ಒಳಗೆ ಇಣುಕಿ ನೋಡುವ ಅವಕಾಶ ಸಿಗುತ್ತದೆ, ನಿವೃತ್ತಿಯ ಪ್ರಶ್ನೆಯನ್ನು ಪ್ರತಿ ಸಲವೂ ಹೊಸದಾಗಿ ಕೇಳಬಹುದು. ಇಪ್ಪತ್ತೈದು ವರ್ಷ ಮುಚ್ಚಿಟ್ಟ ಯಂತ್ರಕ್ಕೆ ಅಂಥ ಗಳಿಗೆ ಜೀವಮಾನದಲ್ಲಿ ಒಂದೇ ಸಲ ಬರುತ್ತದೆ, ಅದನ್ನು ರಾಜಕೀಯ ನುಂಗಿದರೆ ಮುಂದಿನ ಗಳಿಗೆ ಕೊನೆಯದೇ.

ಕಾಗಿಣಾ ತೀರ (ಸೇಡಂ):

ಇಷ್ಟು ಚರ್ಚೆಯ ನಂತರ ನನ್ನ ನಿಲುವನ್ನು ಸ್ವಲ್ಪ ಬಿಗಿಗೊಳಿಸಿ ಹೇಳುತ್ತೇನೆ. ಬದಲಿ ಬರುವ ತನಕ ಹಳೆಯದು ಇರಲಿ ಎಂಬ ಬೀದರಿನ ಸರ್ ಅವರ ನಿಯಮ, ಬದಲಿ ಬರುವ ದಿನ ನಂಬಿಕೆಗೆ ಅರ್ಹವಾಗಿದ್ದರೆ ಮಾತ್ರ ನಡೆಯುತ್ತದೆ. ಕೆನಡಿಯ ದಿನ ಜಾರಿದಂತೆಲ್ಲ ನಿಮಿಟ್ಜ್‌ನ ದಿನವೂ ಜಾರುವುದಾದರೆ, ಹೊಸದರ ವಿಳಂಬದ ಬಿಲ್ಲನ್ನು ಹಳೆಯದರ ನಾವಿಕರು ಕಟ್ಟಿದಂತಾಯಿತು, ವಿಳಂಬ ಮಾಡಿದವರ ಮೇಲೆ ಒತ್ತಡವೂ ಉಳಿಯಲಿಲ್ಲ. ಇಂಧನ ತೆಗೆಯುವ ಕಟ್ಟೆ ಯಾವ ದಿನ ಖಾಲಿಯಾಗುತ್ತದೆಯೋ ಆ ದಿನಕ್ಕೆ ನಿವೃತ್ತಿಯನ್ನು ಕಟ್ಟಿಹಾಕಿ, ಆ ನಡುವೆ ಹತ್ತು ನೌಕೆಗಳಲ್ಲಿ ನಡೆಸಬೇಕಾಗಿ ಬಂದರೆ 2012ರಂತೆ ಬಹಿರಂಗವಾಗಿ ವಿನಾಯಿತಿ ಕೇಳುವುದು ಹೆಚ್ಚು ಪ್ರಾಮಾಣಿಕ ದಾರಿ.

ಮಾಂಜ್ರಾ ಬದಿ (ಬೀದರ್):

ವಿನಾಯಿತಿ ಕೇಳುವುದು ಸುಲಭ, ಅದರ ಜೊತೆಗೆ ಸಮುದ್ರದ ಕೆಲಸವನ್ನೂ ಅಷ್ಟೇ ಕಡಿಮೆ ಮಾಡುತ್ತೇವೆ ಎಂದು ಬರೆದುಕೊಡುವ ಮಂತ್ರಿಯನ್ನು ನಾನು ಇನ್ನೂ ನೋಡಬೇಕಾಗಿದೆ. ಅದನ್ನು ಬರೆದುಕೊಟ್ಟರೆ ನಿಮ್ಮ ನಿಯಮಕ್ಕೆ ನನ್ನ ಒಪ್ಪಿಗೆ ಇದೆ. ಹೇಗೂ ಸರದಿಯಲ್ಲಿ ಮುಂದಿರುವುದು 1977ರ ಅಕ್ಟೋಬರಿನಲ್ಲಿ ಸೇವೆಗೆ ಬಂದ ‘ಐಸೆನ್‌ಹೋವರ್’. ಭೀಮಾ ದಂಡೆಯವರು ಹೇಳಿದಂತೆ ನಾಲ್ಕೈದು ವರ್ಷ ಮುಂಚೆ ತಿಳಿಸುವುದಾದರೆ, ಅದರ ದಿನವನ್ನು ಈಗಾಗಲೇ ಗಟ್ಟಿಯಾಗಿ ಹೇಳಿ, ಆ ದಿನದವರೆಗಿನ ಬಿಡಿಭಾಗಗಳಿಗೆ ಸಹಿಯನ್ನೂ ಹಾಕಿರಬೇಕಿತ್ತು.